ಮದುವೆ ಬಯೋಡೇಟಾ ಜೊತೆ ಜೀನ್ ರಿಪೋರ್ಟ್: ಅದು ಯಾರ ಕೈಯಲ್ಲಿರಬೇಕು?

ಚಿಂತಾಮಣಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನಲ್ಲಿ ಆರ್ಯವೈಶ್ಯ ವಧು-ವರರ ಸಮಾವೇಶಕ್ಕೆ ತಯಾರಿ ನಡೆಯುತ್ತಿದೆ. ಈ ಸಲ ಹೊಸ ಪ್ರಸ್ತಾಪವೊಂದು ಬಂದಿದೆ. ಹೆಸರು ಕೊಡುವ ಪ್ರತಿಯೊಬ್ಬ ಹುಡುಗ, ಹುಡುಗಿ ಜೀನ್ ಪರೀಕ್ಷೆ ಮಾಡಿಸಬೇಕು. ಒಂದು ಖಾಸಗಿ ಲ್ಯಾಬ್‌ನವರು ಛತ್ರದಲ್ಲೇ ಕ್ಯಾಂಪ್ ಹಾಕುತ್ತಾರೆ, ದರದಲ್ಲಿ ರಿಯಾಯಿತಿ ಕೊಡುತ್ತಾರೆ. ರಿಪೋರ್ಟಿನ ಮುಖ್ಯ ಅಂಶಗಳನ್ನು ಬಯೋಡೇಟಾ ಪುಸ್ತಕದಲ್ಲಿ ಅಚ್ಚು ಹಾಕಿಸುವುದು ಅಂತ ಮಾತಾಗಿದೆ. ಗೋತ್ರ, ನಕ್ಷತ್ರ, ಸಂಬಳ, ಅದರ ಕೆಳಗೆ ಜೀನ್.

ನಾನು ಪರೀಕ್ಷೆಗೆ ವಿರೋಧಿ ಅಲ್ಲ. ನಮ್ಮವರಿಗೆ ಇದು ನಿಜವಾಗಿಯೂ ಬೇಕಾದ ವಿಷಯ. ಆಪರೇಷನ್‌ಗೆ ಮೊದಲು ಕೊಡುವ ಒಂದು ಔಷಧಿಯನ್ನು ಕರಗಿಸುವ ಕಿಣ್ವ ನಮ್ಮಲ್ಲಿ ಕೆಲವರ ರಕ್ತದಲ್ಲಿ ತೀರಾ ಕಡಿಮೆ ಇರುತ್ತದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಮಾಡಿದ ಅಧ್ಯಯನ ಬಂತು. ಬೇರೆ ಗುಂಪುಗಳಿಗೆ ಹೋಲಿಸಿದರೆ ವೈಶ್ಯರಲ್ಲಿ ಈ ಕೊರತೆ ಸುಮಾರು 100 ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಕೆಲವೇ ಪೂರ್ವಜರಿಂದ ಬೆಳೆದ ಗುಂಪು, ಹತ್ತಾರು ತಲೆಮಾರು ಒಳಗೊಳಗೇ ಮದುವೆ. ಹಾಗಾಗಿ ಒಬ್ಬ ಪೂರ್ವಜನಲ್ಲಿದ್ದ ಬದಲಾವಣೆ ಈಗ ಸಾವಿರಾರು ಮನೆಗಳಲ್ಲಿದೆ. ನಮ್ಮದೊಂದೇ ಅಲ್ಲ. ಆ ಅಧ್ಯಯನದಲ್ಲಿ ನೋಡಿದ 263 ಗುಂಪುಗಳಲ್ಲಿ 81ರ ಕಥೆ ಹೀಗೇ ಇತ್ತು.

ನನ್ನ ವಿರೋಧ ಇರುವುದು ಪುಸ್ತಕಕ್ಕೆ. ಒಬ್ಬ ಮನುಷ್ಯನ ರಕ್ತ ಏನು ಹೇಳುತ್ತದೆ ಅನ್ನುವುದು ಮೊದಲು ಅವನಿಗೆ ಗೊತ್ತಾಗಬೇಕು. ಯಾರಿಗೆ ಹೇಳಬೇಕು ಅನ್ನುವುದನ್ನೂ ಅವನೇ ತೀರ್ಮಾನಿಸಬೇಕು. ಸಂಘ ಅಲ್ಲ, ದಲ್ಲಾಳಿ ಅಲ್ಲ, ಲ್ಯಾಬ್ ಅಲ್ಲ. ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬೇರೆ ಇದೆ: ಉಳಿದ ಮಾದರಿಯನ್ನು ಸಂಶೋಧನೆಗೆ ಬಳಸಬಹುದು. ಯಾವ ಸಂಶೋಧನೆ, ಯಾರದ್ದು, ಎಷ್ಟು ವರ್ಷ, ಏನೂ ಇಲ್ಲ.

ಸಭೆಗೆ ಮೊದಲು ನಿಮ್ಮೆಲ್ಲರ ಅಭಿಪ್ರಾಯ ಬೇಕು. ಬೇರೆ ಸಮುದಾಯದವರೂ ಬರೆಯಿರಿ.

ಕೋಲಾರ ಓಟಿ ಸಿಸ್ಟರ್

ಟೀಚರ್ ಹೇಳಿದ ಔಷಧಿಯನ್ನು ನಾವು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಸ್ಕೋಲಿನ್ ಅನ್ನುತ್ತೇವೆ. ಉಸಿರಿನ ನಳಿಗೆಗೆ ಟ್ಯೂಬ್ ಹಾಕುವ ಮೊದಲು ಕೊಡುತ್ತಾರೆ. ಒಂದು ನಿಮಿಷದಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲ ಆಗುತ್ತವೆ. ಸಾಮಾನ್ಯವಾಗಿ 5-10 ನಿಮಿಷದಲ್ಲಿ ಉಸಿರು ತಾನಾಗಿ ವಾಪಸ್ ಬರುತ್ತದೆ. ಈ ಕಿಣ್ವ ಇಲ್ಲದವರಿಗೆ ಅದು ಗಂಟೆಗಟ್ಟಲೆ ಬರುವುದಿಲ್ಲ. ವೆಂಟಿಲೇಟರ್‌ನಲ್ಲಿ ಇಟ್ಟು ಕಾದರೆ ಪೂರ್ತಿ ಸರಿ ಹೋಗುತ್ತಾರೆ. ಅಷ್ಟು ಹೊತ್ತು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಆದರೆ ಅಪಾಯ.

ಅದಕ್ಕೇ ನಮ್ಮ ಕಡೆ ಅರಿವಳಿಕೆ ಡಾಕ್ಟರುಗಳು "ನೀವು ಯಾವ ಜನ?" ಅಂತ ಕೇಳುವುದುಂಟು. ರೋಗಿಗಳಿಗೆ ಬೇಜಾರಾಗುತ್ತದೆ, ಇಲ್ಲೂ ಜಾತಿಯಾ ಅಂತ. ಅವರ ಬೇಜಾರು ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆ ಕೇಳುವುದು ಜೀವ ಉಳಿಸುವುದಕ್ಕೆ. ರೋಕುರೋನಿಯಂ ಅಂತ ಬೇರೆ ಔಷಧಿ ಇದೆ, ಗೊತ್ತಿದ್ದರೆ ಅದನ್ನು ಕೊಡಬಹುದು.

ಇನ್ನೊಂದು ಮಾತು. ಇದಕ್ಕೆ ದುಬಾರಿ ಜೀನ್ ಪರೀಕ್ಷೆ ಬೇಕಿಲ್ಲ. ಸೂಡೋಕೋಲಿನೆಸ್ಟರೇಸ್ ಅಂತ ಒಂದು ರಕ್ತ ಪರೀಕ್ಷೆ ಸಾಕು. ಕಡಿಮೆ ಬಂದರೆ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮನೆಯವರಿಗೆ ಹೇಳಿ. ಆ ಚೀಟಿ ತೋರಿಸಬೇಕಾದದ್ದು ಅರಿವಳಿಕೆ ಡಾಕ್ಟರಿಗೆ. ಇಂಥವರು ಬೇರೆ ಎಲ್ಲ ರೀತಿಯಲ್ಲೂ ಆರೋಗ್ಯವಾಗಿಯೇ ಇರುತ್ತಾರೆ. ಹಾಗಿದ್ದ ಮೇಲೆ ಹೆಣ್ಣು ನೋಡಲು ಬರುವವರಿಗೆ ಅದರಿಂದ ಏನಾಗಬೇಕು?

ಗೌರಿಬಿದನೂರಿನ ಅಪ್ಪ

ಟೀಚರಮ್ಮ, ನಾನು ನಿಮ್ಮ ಸಮುದಾಯದವನಲ್ಲ. ಆದರೂ ಬರೆಯದೆ ಇರಲಾರೆ. ನನ್ನ ಮಗನಿಗೆ ಥಲಸ್ಸೀಮಿಯಾ ಮೇಜರ್, ತಂದೆ-ತಾಯಿಯ ಜೀನ್‌ನಿಂದ ಬರುವ ರಕ್ತದ ಕಾಯಿಲೆ. ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ರಕ್ತದ ಜೊತೆ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ. ಅದನ್ನು ಹೊರಗೆ ಹಾಕಲು ದಿನವೂ ಮಾತ್ರೆ. ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿದರೆ ವಾಪಸ್ ಬರುವುದು ರಾತ್ರಿ. ನನ್ನ ಅಂಗಡಿ ಆ ದಿನ ಬಂದ್.

ನಾನು, ನನ್ನ ಹೆಂಡತಿ ಇಬ್ಬರೂ ಕ್ಯಾರಿಯರ್, ಅಂದರೆ ನಮ್ಮಲ್ಲಿ ಆ ಕಾಯಿಲೆಯ ಜೀನ್ ಇದೆ, ಕಾಯಿಲೆ ಇಲ್ಲ. ಸಂಬಂಧಿಕರಲ್ಲ, ಬೇರೆ ಬೇರೆ ಊರಿನವರು. ನಮಗಿಬ್ಬರಿಗೂ ಇದುವರೆಗೆ ಏನೂ ತೊಂದರೆ ಆಗಿಲ್ಲ. ಇಬ್ಬರು ಕ್ಯಾರಿಯರ್ ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25 ಪರ್ಸೆಂಟ್ ಅಂತ ಗೊತ್ತಾಗಿದ್ದು ಮಗನಿಗೆ ಕಾಯಿಲೆ ಅಂತ ಹೇಳಿದ ಮೇಲೆ. ಎಚ್‌ಪಿಎಲ್‌ಸಿ ಅನ್ನುವ ಒಂದು ರಕ್ತ ಪರೀಕ್ಷೆ ಮೊದಲೇ ಮಾಡಿಸಿದ್ದರೆ ಗೊತ್ತಾಗುತ್ತಿತ್ತು.

ಸೈಪ್ರಸ್ ದ್ವೀಪದಲ್ಲಿ ಮದುವೆಗೆ ಮುಂಚೆ ಪರೀಕ್ಷೆಯ ಸರ್ಟಿಫಿಕೇಟ್ ಬೇಕು ಅಂತ 1980ರ ದಶಕದಲ್ಲಿ ಚರ್ಚೇ ನಿಯಮ ಮಾಡಿತು. ಈ ಕಾಯಿಲೆಯ ಮಕ್ಕಳು ಹುಟ್ಟುವುದು ಅಲ್ಲಿ ಬಹುತೇಕ ನಿಂತೇ ಹೋಯಿತು. ಕಡ್ಡಾಯ ಮಾಡಿ. ಪುಸ್ತಕದಲ್ಲಾದರೂ ಹಾಕಿ, ಗೋಡೆ ಮೇಲಾದರೂ ಬರೆಯಿರಿ. ಇಷ್ಟ ಇದ್ದವರು ಮಾಡಿಸಿಕೊಳ್ಳಲಿ ಅಂದರೆ ಯಾರೂ ಮಾಡಿಸುವುದಿಲ್ಲ.

ಚಿಂತಾಮಣಿ ಟೀಚರ್

ಅಣ್ಣ, ನೀವು ಬರೆದದ್ದು ದೊಡ್ಡದು. ಮಗ ಚೆನ್ನಾಗಿರಲಿ.

ಸೈಪ್ರಸ್ ವಿಷಯದಲ್ಲೇ ಒಂದು ಮಾತು. ಅಲ್ಲಿನ ಸರ್ಟಿಫಿಕೇಟಿನಲ್ಲಿ ಫಲಿತಾಂಶ ಇರುವುದಿಲ್ಲ. ಇಬ್ಬರಿಗೂ ಪರೀಕ್ಷೆ ಆಗಿದೆ, ತಿಳಿಹೇಳಿದ್ದಾಗಿದೆ ಅಂತಷ್ಟೇ ಇರುತ್ತದೆ. ಇಬ್ಬರೂ ಕ್ಯಾರಿಯರ್ ಅಂತ ತಿಳಿದ ಜೋಡಿಗಳಲ್ಲಿ ಹೆಚ್ಚಿನವರು ಮದುವೆ ಮುರಿಯಲೇ ಇಲ್ಲ. ಬಸಿರಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಮುಂದಿನದನ್ನು ತಾವೇ ತೀರ್ಮಾನಿಸಿದರು. ಅಲ್ಲಿ ಕಾಯಿಲೆ ಕಡಿಮೆ ಆಗಲು ಯಾರ ಹೆಸರನ್ನೂ ಊರಿಗೆ ಸಾರಬೇಕಾಗಲಿಲ್ಲ.

ಯಹೂದಿಗಳಲ್ಲೂ ಒಂದು ಪದ್ಧತಿ ಇದೆ. ಟೇ-ಸ್ಯಾಕ್ಸ್ ಅನ್ನುವ ಕಾಯಿಲೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಒಬ್ಬ ಧರ್ಮಗುರು 1983ರಲ್ಲಿ ನ್ಯೂಯಾರ್ಕಿನಲ್ಲಿ ಡೋರ್ ಯೆಶೋರಿಮ್ ಅಂತ ಸಂಸ್ಥೆ ಶುರು ಮಾಡಿದರು. ರಕ್ತ ಕೊಟ್ಟವರಿಗೆ ಒಂದು ನಂಬರ್ ಸಿಗುತ್ತದೆ. ಸಂಬಂಧ ಕುದುರುವ ಹೊತ್ತಿಗೆ ಎರಡೂ ಕಡೆಯ ನಂಬರ್ ಹೇಳಿದರೆ ಈ ಜೋಡಿಗೆ ಅಪಾಯ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತಾರೆ. ಸಂಘದವರಿಗೆ ಇದನ್ನು ತೋರಿಸಬೇಕು ಅಂದುಕೊಂಡಿದ್ದೇನೆ.

ಮಾಲೂರು ಬಯಾಲಜಿ

ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಮಾಲೂರು. ಮೇಡಂ, ನಂಬರ್ ಪದ್ಧತಿಯಲ್ಲಿ ನನಗೊಂದು ತೊಡಕು ಕಾಣುತ್ತದೆ. ತಾನು ಕ್ಯಾರಿಯರ್ ಅನ್ನುವುದು ಅಲ್ಲಿ ಸ್ವತಃ ಆ ವ್ಯಕ್ತಿಗೇ ತಿಳಿಯುವುದಿಲ್ಲ. ಗುಟ್ಟು ಉಳಿಯುತ್ತದೆ ನಿಜ. ಆದರೆ ಅವರ ಅಕ್ಕ-ತಂಗಿಯರಿಗೂ ಪರೀಕ್ಷೆ ಬೇಕಾಗಬಹುದು, ಅವರಿಗೆ ಹೇಳುವವರು ಯಾರು? ನೀವೇ ಹೇಳಿದ ಹಾಗೆ ಮೊದಲು ಗೊತ್ತಾಗಬೇಕಾದದ್ದು ರಕ್ತ ಕೊಟ್ಟವರಿಗೆ, ಅಲ್ವಾ?

ಕ್ಯಾಂಪಿನವರು "ನೂರಾರು ಕಾಯಿಲೆಗಳ ಪ್ಯಾನೆಲ್" ಅಂತ ಮಾರುತ್ತಾರೆ. ಹುಷಾರಾಗಿರಿ. ಜಗತ್ತಿನ ಜೀನ್ ದತ್ತಾಂಶದಲ್ಲಿ ಬಹುಪಾಲು ಯುರೋಪ್ ಮೂಲದವರದ್ದು. ನಮ್ಮವರ ರಕ್ತದಲ್ಲಿ ಕಾಣುವ ಎಷ್ಟೋ ಬದಲಾವಣೆಗಳಿಗೆ ಅರ್ಥ ಏನು ಅಂತ ಇನ್ನೂ ಯಾರಿಗೂ ತಿಳಿದಿಲ್ಲ. ರಿಪೋರ್ಟಿನಲ್ಲಿ "ಮಹತ್ವ ಅನಿಶ್ಚಿತ" ಅಂತ ಬರುತ್ತದೆ. ಪುಸ್ತಕದಲ್ಲಿ ಅದನ್ನು ಓದಿದ ಬೀಗರು "ಏನೋ ಇದೆಯಂತೆ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಹಾಗಂತ ಸಂಶೋಧನೆಯೇ ಬೇಡ ಅನ್ನಬೇಡಿ, ದಯವಿಟ್ಟು. ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಪೂರ್ತಿ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಅದರ ಸಮನ್ವಯ ನಡೆದಿದ್ದು ಬೆಂಗಳೂರಿನ ಐಐಎಸ್ಸಿ ಆವರಣದಿಂದ. ನಮ್ಮ ಜನರ ಕಾಯಿಲೆ ಅರ್ಥವಾಗಬೇಕಾದರೆ ನಮ್ಮ ಜನರ ರಕ್ತವನ್ನೇ ಓದಬೇಕು. ಒಪ್ಪಿಗೆ ಪಡೆದು, ನೈತಿಕ ಸಮಿತಿಯ ಕಣ್ಣಿನಡಿ ನಡೆಯುವ ಕೆಲಸ ಬೇರೆ. ಛತ್ರದಲ್ಲಿ ಊಟದ ಸಾಲಿನ ಪಕ್ಕ ಸಹಿ ಹಾಕಿಸಿಕೊಳ್ಳುವುದು ಬೇರೆ.

ತುಮಕೂರು ಲಾಯರ್

ಕಾನೂನಿನ ಕಡೆಯಿಂದ ಸ್ವಲ್ಪ. ಜೀನ್ ಮಾಹಿತಿ ಇಟ್ಟುಕೊಂಡು ಯಾರಿಗೂ ಭೇದ ಮಾಡಬಾರದು ಅಂತ ಅಮೆರಿಕದಲ್ಲಿ 2008ರಲ್ಲಿ ಪ್ರತ್ಯೇಕ ಕಾನೂನು ಬಂತು. ಕೆಲಸ ಮತ್ತು ಆರೋಗ್ಯ ವಿಮೆಗೆ ಅದು ಅನ್ವಯಿಸುತ್ತದೆ. ನಮ್ಮಲ್ಲಿ ಅಂಥದ್ದು ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ಮಸೂದೆ ಅಪರಾಧ ತನಿಖೆ, ಕಾಣೆಯಾದವರ ಪತ್ತೆಯಂಥ ಕೆಲಸಕ್ಕೆ ಸಂಬಂಧಿಸಿದ್ದು. 2023ರಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆ ಇದೆ, ಅದರಲ್ಲಿ ಒಪ್ಪಿಗೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು ಅಂತ ಇದೆ. ಅಚ್ಚಾದ ಪುಸ್ತಕ ಮನೆ ಮನೆಗೆ ಹೋದ ಮೇಲೆ ಯಾವ ಕಾಯಿದೆ ಹಿಡಿದು ವಾಪಸ್ ತರುವುದು?

ಆ ಸಣ್ಣ ಅಕ್ಷರದ ಸಾಲಿನ ಬಗ್ಗೆ. ಅಮೆರಿಕದ ಅರಿಝೋನಾದಲ್ಲಿ ಹವಸುಪೈ ಅನ್ನುವ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. ಅದಕ್ಕೆ ದಾರಿ ಹುಡುಕುತ್ತಾರೆ ಅಂತ ನಂಬಿ 1990ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಧ್ಯಯನಕ್ಕೆ, ಒಳಮದುವೆಯ ಅಧ್ಯಯನಕ್ಕೆ, ಅವರ ಪೂರ್ವಜರು ಎಲ್ಲಿಂದ ಬಂದರು ಅನ್ನುವುದಕ್ಕೆ ಬಳಸಿದರು. ತಾವು ವಾಸಿಸುವ ಕಣಿವೆಯಲ್ಲೇ ತಮ್ಮ ಜನ ಹುಟ್ಟಿದ್ದು ಅನ್ನುವುದು ಅವರ ನಂಬಿಕೆ. ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು, ಉಳಿದ ರಕ್ತವನ್ನೂ ವಾಪಸ್ ಕೊಟ್ಟಿತು.

ಲ್ಯಾಬ್ ಇವತ್ತು ಒಳ್ಳೆಯವರದ್ದೇ ಇರಬಹುದು. ಅಮೆರಿಕದ 23ಆಂಡ್‌ಮಿ ಅನ್ನುವ ದೊಡ್ಡ ಜೀನ್ ಪರೀಕ್ಷೆ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಜೀನ್ ಬದಲಾಯಿಸಲು ಆಗುವುದಿಲ್ಲ. ಅದು ನಿಮ್ಮೊಬ್ಬರದ್ದೂ ಅಲ್ಲ, ನಿಮ್ಮ ಅಣ್ಣ-ತಮ್ಮಂದಿರದ್ದು, ಮಕ್ಕಳದ್ದು ಕೂಡ.

ಶಿಡ್ಲಘಟ್ಟ ಹಿರಿಯ

ನಾನು ಜೀವನ ಪೂರ್ತಿ ರೇಷ್ಮೆ ಗೂಡು ಬೆಳೆದವನು. ಮೈಸೂರು ತಳಿಯ ಹೆಣ್ಣಿಗೆ ಬೈವೋಲ್ಟಿನ್ ಅನ್ನುವ ಬೇರೆ ತಳಿಯ ಗಂಡು ಕೂಡಿಸಿ ಮಿಶ್ರ ತಳಿ ಮಾಡುತ್ತೇವೆ. ಹುಳ ಗಟ್ಟಿ ಇರುತ್ತದೆ, ಗೂಡು ಚೆನ್ನಾಗಿ ಬರುತ್ತದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ರೋಗ ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರೆ. ಇಲ್ಲದಿದ್ದರೆ ಊರಿನ ಬೆಳೆಯೆಲ್ಲ ಹಾಳು. ಹುಳಕ್ಕೇ ಇಷ್ಟು ಜಾಗ್ರತೆ ಮಾಡುವವರು ಮಕ್ಕಳ ವಿಷಯದಲ್ಲಿ ಯಾಕೆ ಹಿಂಜರಿಯಬೇಕು? ಸೋದರಮಾವ, ಅತ್ತೆ ಮಗ ಅಂತ ಒಳಗೇ ಕೊಟ್ಟು ತರುವುದನ್ನು ಬಿಡಿ, ಎಲ್ಲ ಸರಿ ಹೋಗುತ್ತದೆ.

ಚಿಂತಾಮಣಿ ಟೀಚರ್

ತಾತ, ಒಳಸಂಬಂಧದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ರೇಷ್ಮೆಯ ಮಾತು ನನಗೆ ಭಯ ಹುಟ್ಟಿಸುತ್ತದೆ. ಅಲ್ಲಿ ಯಾವ ಹುಳ ಒಳ್ಳೆಯದು ಅಂತ ಹೇಳುವುದು ಬೆಳೆಗಾರ. ಹುಳವನ್ನು ಯಾರೂ ಕೇಳುವುದಿಲ್ಲ.

ಮನುಷ್ಯರ ವಿಷಯದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 1927ರಲ್ಲಿ ಕ್ಯಾರಿ ಬಕ್ ಅನ್ನುವ ಬಡ ಹುಡುಗಿಯನ್ನು ಬುದ್ಧಿಮಾಂದ್ಯಳು ಅಂತ ಹೇಳಿ ಬಲವಂತವಾಗಿ ಸಂತಾನಹರಣ ಮಾಡಲು ಸುಪ್ರೀಂ ಕೋರ್ಟೇ ಒಪ್ಪಿತು. ಅವಳಿಗೆ ಆ ತೊಂದರೆ ಇರಲೇ ಇಲ್ಲ. ಅಂಥ ಕಾನೂನುಗಳ ಕೆಳಗೆ ಆ ದೇಶದಲ್ಲಿ 60,000ಕ್ಕೂ ಜಾಸ್ತಿ ಜನರಿಗೆ ಹಾಗೆ ಮಾಡಿದರು. 1933ರಲ್ಲಿ ಜರ್ಮನಿ ಅದೇ ದಾರಿ ಹಿಡಿಯಿತು, ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲಿ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಆಪರೇಷನ್ ಆದವು. ಅದು ಜೀನ್ ಹೆಸರಿನಲ್ಲಿ ಅಲ್ಲ, ಜನಸಂಖ್ಯೆಯ ಹೆಸರಿನಲ್ಲಿ. ಆದರೆ ಎಳೆದುಕೊಂಡು ಹೋಗಿದ್ದು ಹೆಚ್ಚಾಗಿ ಬಡವರನ್ನೇ. ನಿಮ್ಮ ವಯಸ್ಸಿನವರಿಗೆ ಅದರ ನೆನಪು ನನಗಿಂತ ಚೆನ್ನಾಗಿ ಇರಬೇಕು.

ಶಿಡ್ಲಘಟ್ಟ ಹಿರಿಯ

ಇದೆಯಮ್ಮ. ಜೀಪು ಬಂತು ಅಂದರೆ ಗಂಡಸರು ಹಿಪ್ಪುನೇರಳೆ ತೋಟದೊಳಗೆ ಓಡುತ್ತಿದ್ದರು. ಆದರೂ ಒಂದು ಕೇಳುತ್ತೇನೆ. ಅವತ್ತು ಸರ್ಕಾರ ಮಾಡಿದ್ದು ಬಲವಂತ. ಇವತ್ತು ಸಮುದಾಯದ ಹಿರಿಯರು ಮಕ್ಕಳ ಒಳ್ಳೆಯದಕ್ಕೆ ಹೇಳುವುದೂ ಬಲವಂತವೇ?

ಮುಳಬಾಗಿಲು ಹುಡುಗಿ

ತಾತ, ನಾನು ಉತ್ತರ ಕೊಡಲೇ? ನನ್ನ ಚಿಕ್ಕಪ್ಪನ ಮಗಳು ಥಲಸ್ಸೀಮಿಯಾ ಮೈನರ್. ಅಂದರೆ ಕ್ಯಾರಿಯರ್ ಅಷ್ಟೇ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು, ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು. ರಿಪೋರ್ಟ್ ಅವಳ ಕೈಗೆ ಬರುವ ಮೊದಲೇ ಯಾರದ್ದೋ ವಾಟ್ಸಾಪ್‌ನಲ್ಲಿ ಓಡಾಡಿತು. ನಿಶ್ಚಯವಾಗಿದ್ದ ಮದುವೆ ನಿಂತಿತು. ಹುಡುಗನಿಗೂ ಒಂದು ಪರೀಕ್ಷೆ ಮಾಡಿಸಿ ಅಂತ ಚಿಕ್ಕಪ್ಪ ಕೈಮುಗಿದು ಕೇಳಿದರು. ಅವನು ಕ್ಯಾರಿಯರ್ ಅಲ್ಲದಿದ್ದರೆ ಮಕ್ಕಳಿಗೆ ಕಾಯಿಲೆ ಬರುವ ಪ್ರಶ್ನೆಯೇ ಇಲ್ಲ. "ನಮ್ಮ ಹುಡುಗನಿಗೆ ಏನಾಗಿದೆ ಅಂತ ಪರೀಕ್ಷೆ?" ಅಂದರು. ಈಗ ಅವಳ ತಂಗಿಗೂ ಸಂಬಂಧ ಬರುತ್ತಿಲ್ಲ. ತಂಗಿಗೆ ಪರೀಕ್ಷೆಯೇ ಆಗಿಲ್ಲ!

ಹಿರಿಯರು ಒಳ್ಳೆಯ ಮನಸ್ಸಿನಿಂದ ಹೇಳುತ್ತಾರೆ, ನಾನು ನಂಬುತ್ತೇನೆ. ಆದರೆ ಪುಸ್ತಕದಲ್ಲಿ ಅಚ್ಚಾದ ಮೇಲೆ ಹುಡುಗನ ರಿಪೋರ್ಟ್ ಜನ ಮರೆಯುತ್ತಾರೆ. ಹುಡುಗಿಯದ್ದು ಅವಳ ಹೆಸರಿಗೇ ಅಂಟಿಕೊಳ್ಳುತ್ತದೆ.

ಮಾಲೂರು ಬಯಾಲಜಿ

ಇದು ನಿಮ್ಮ ಮನೆಯದ್ದು ಮಾತ್ರ ಅಲ್ಲ, ಅಕ್ಕ. ಗ್ರೀಸಿನ ಒರ್ಖೋಮೆನೋಸ್ ಅನ್ನುವ ಊರಿನಲ್ಲಿ ಹಿಂದೆ ಕುಡಗೋಲು ಕಣ ರಕ್ತಹೀನತೆಗೆ (ಸಿಕಲ್ ಸೆಲ್ ಅನ್ನುವ, ಜೀನ್‌ನಿಂದ ಬರುವ ಕಾಯಿಲೆ) ಊರಿಗೂರೇ ಪರೀಕ್ಷೆ ಮಾಡಿ ತಿಳಿಹೇಳಿದರು. ಉದ್ದೇಶ ಒಳ್ಳೆಯದೇ. ಆದರೆ ಕ್ಯಾರಿಯರ್‌ಗಳಿಗೆ ಕಳಂಕ ಅಂಟಿತು, ಕೆಲವರು ವಿಷಯ ಮುಚ್ಚಿಟ್ಟು ಮದುವೆಯಾದರು. ಈಗ ನಮ್ಮ ದೇಶದಲ್ಲೂ 2023ರಿಂದ ಅದೇ ಕಾಯಿಲೆಯ ನಿರ್ಮೂಲನಾ ಅಭಿಯಾನ ನಡೆದಿದೆ. 7 ಕೋಟಿ ಜನರ ಪರೀಕ್ಷೆಯ ಗುರಿ, ಹೆಚ್ಚಾಗಿ ಆದಿವಾಸಿ ಪ್ರದೇಶಗಳಲ್ಲಿ. ಕಾರ್ಡ್ ಕೊಡುತ್ತಾರೆ. ಆ ಕಾರ್ಡ್ ಹಿಡಿದ ಹುಡುಗಿಯ ಜೊತೆ ಕೂತು ಬಿಡಿಸಿ ಹೇಳುವವರು ಇದ್ದರೆ ಮಾತ್ರ ಅದರಿಂದ ಉಪಯೋಗ.

ತಾತ, ಗಂಟು ರೋಗ ತಾಯಿಯಿಂದ ಮೊಟ್ಟೆಗೆ ಹರಡುವ ಸೋಂಕು, ಅದು ಜೀನ್‌ನದ್ದಲ್ಲ. ಕ್ಯಾರಿಯರ್ ಆಗಿರುವುದು ಅಂಟುವುದೂ ಇಲ್ಲ. ನಾವೆಲ್ಲರೂ ಯಾವುದೋ ಒಂದೆರಡು ಕಾಯಿಲೆಗೆ ಕ್ಯಾರಿಯರ್‌ಗಳೇ. ರಿಪೋರ್ಟ್ ಇಲ್ಲ, ಅಷ್ಟೇ.

ಪಾವಗಡದವನು

ಎಲ್ಲ ಓದಿದೆ. ನನ್ನ ಮಾತು ಸ್ವಲ್ಪ ಬೇರೆ ಕಡೆಯಿಂದ.

ನಮ್ಮ ಅಜ್ಜಿಯ ಕಾಲು ಬಾಗಿತ್ತು. ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸುಮಾರು ಜನಕ್ಕೆ ಹಲ್ಲು ಕಂದು. "ಅವರ ವಂಶಕ್ಕೇ ಮೂಳೆ ದೋಷ" ಅಂತ ನಮ್ಮ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಅದು ವಂಶದ್ದಲ್ಲ, ಬೋರ್‌ವೆಲ್‌ನದ್ದು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಅದು ಮೀರಿರುವುದು ನಮಗೆಲ್ಲ ಗೊತ್ತಿರುವ ವಿಷಯ. ಒಂದೇ ಮನೆಯವರು ಒಂದೇ ನೀರು ಕುಡಿಯುತ್ತಾರೆ. ಅದಕ್ಕೇ ಒಂದೇ ಮನೆಯವರಿಗೆ ಕಾಯಿಲೆ. ನೋಡಿದವರಿಗೆ ವಂಶಪಾರಂಪರ್ಯ ಅನ್ನಿಸುತ್ತದೆ.

ಜೀನ್ ಮಾತು ಜಾಸ್ತಿ ಆದಾಗ ನನಗೆ ಕಾಡುವ ಭಯ ಇದು. ರಕ್ತದಲ್ಲೇ ಇದೆ ಅಂದುಬಿಟ್ಟರೆ ನೀರು ಕೊಡಬೇಕಾದವರನ್ನು ಯಾರೂ ಕೇಳುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದವರಿಗೆ, ಬಡವರಿಗೆ ಇದೇ ಮಾತು ಹೇಳುವವರು ಈಗಲೂ ಇದ್ದಾರೆ. ಜಾತಿಗೆ ವಿಜ್ಞಾನದ ಸೀಲು ಹೊಡೆಸಿಕೊಳ್ಳಲು ಕಾದಿರುವವರೂ ಇದ್ದಾರೆ. "ನಮ್ಮ ಜೀನ್ ಶುದ್ಧ" ಅಂತ ಭಾಷಣ ಕೇಳಿದ್ದೇನೆ.

ಮಾಲೂರು ಬಯಾಲಜಿ

ಅಣ್ಣ, ಶುದ್ಧ ಅನ್ನುವವರಿಗೆ ಇದನ್ನು ಹೇಳಿ. 2013ರ ಒಂದು ಅಧ್ಯಯನದ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಭಾರತದ ಬಹುತೇಕ ಎಲ್ಲ ಗುಂಪುಗಳೂ ಬೆರೆತವು. ತಮ್ಮೊಳಗೇ ಮದುವೆ ಅಂತ ಬಾಗಿಲು ಹಾಕಿಕೊಂಡಿದ್ದು ಆಮೇಲೆ. ಇವತ್ತು ಈ ಚರ್ಚೆಯಲ್ಲಿ ಬರುವ ಎಷ್ಟೋ ಕಾಯಿಲೆಗಳು ಆ ಮುಚ್ಚಿದ ಬಾಗಿಲಿನಿಂದಲೇ ಗಟ್ಟಿಯಾದವು.

ಗೌರಿಬಿದನೂರಿನ ಅಪ್ಪ

ಎಲ್ಲರ ಮಾತೂ ಓದಿದೆ. ಮುಳಬಾಗಿಲಿನ ಮಗಳು ಬರೆದದ್ದು ಓದಿ ಸಂಕಟವಾಯಿತು. ಸರಿ, ಪುಸ್ತಕದಲ್ಲಿ ಹಾಕುವುದು ಬೇಡ. ಆದರೆ ಪರೀಕ್ಷೆ ಕಡ್ಡಾಯ ಬೇಡ ಅನ್ನುವುದನ್ನು ನಾನು ಒಪ್ಪಲಾರೆ.

ನಿಮಗೊಂದು ವಿಷಯ ಹೇಳುತ್ತೇನೆ. ನನ್ನ ಮಗನಿಗೆ ಅಸ್ಥಿಮಜ್ಜೆ ಕಸಿ ಮಾಡಿದರೆ ಕಾಯಿಲೆ ವಾಸಿಯಾಗಬಹುದು. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗಳದ್ದು ಹೊಂದಲಿಲ್ಲ. ಇನ್ನೊಂದು ಮಗು ಮಾಡಿಕೊಳ್ಳಿ, ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ ಹೊಂದುವುದನ್ನೇ ಇಡಬಹುದು ಅಂತ ಒಬ್ಬರು ಹೇಳಿದರು. ನಾನೂ ಹೆಂಡತಿಯೂ ರಾತ್ರಿಯಿಡೀ ಮಾತಾಡಿದೆವು. ಆ ಮಗುವನ್ನು ನಾವು ಪ್ರೀತಿಸುತ್ತೇವೆ, ಅದರಲ್ಲಿ ಅನುಮಾನ ಇಲ್ಲ. ಆದರೆ "ನನ್ನನ್ನು ಅಣ್ಣನಿಗೋಸ್ಕರ ಹುಟ್ಟಿಸಿದಿರಾ?" ಅಂತ ಮುಂದೆ ಕೇಳಿದರೆ ಏನು ಹೇಳಬೇಕು? ಕಸಿ ಕೈಕೊಟ್ಟರೆ ಆ ಮಗುವಿನ ಮುಖ ಹೇಗೆ ನೋಡುವುದು? ಹೆಂಡತಿ ಬೇಡ ಅಂದಳು. ಬೇಕು ಅನ್ನುವ ಆಸೆ ನನ್ನೊಳಗೆ ಇನ್ನೂ ಇದೆ.

ಜೀನ್ ತಿದ್ದುವ ಚಿಕಿತ್ಸೆಯೂ ಬಂದಿದೆ. 2023ರಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆಯಾದ ಕ್ಯಾಸ್‌ಜೆವಿ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಜಾಸ್ತಿ. ಒಂದು ಪರೀಕ್ಷೆ ಮೊದಲೇ ಆಗಿದ್ದರೆ ಈ ಯಾವ ಪ್ರಶ್ನೆಯೂ ನಮ್ಮ ಮನೆಗೆ ಬರುತ್ತಿರಲಿಲ್ಲ.

ಚಿಂತಾಮಣಿ ಟೀಚರ್

ಅಣ್ಣ, ನಿಮ್ಮ ರಾತ್ರಿಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆ ತೀರ್ಮಾನ ನಿಮ್ಮಿಬ್ಬರದ್ದು. ನಿಮ್ಮ ಹೆಂಡತಿಯ ಬೇಡ ಅನ್ನುವ ಮಾತಿಗೂ ತೂಕ ಇದೆ ಅಂತಷ್ಟೇ ಹೇಳಬಲ್ಲೆ.

ಸಂಘಕ್ಕೆ ಕೊಡುವ ಪತ್ರದಲ್ಲಿ ಹೀಗೆ ಬರೆಯುತ್ತಿದ್ದೇನೆ. ಸಮಾವೇಶದಲ್ಲಿ ಒಬ್ಬ ಸಲಹೆಗಾರರು ಇರಲಿ. ಥಲಸ್ಸೀಮಿಯಾ ಮತ್ತು ಆ ಕಿಣ್ವ, ಎರಡಕ್ಕೇ ಪರೀಕ್ಷೆ ಇರಲಿ, ದೊಡ್ಡ ಪ್ಯಾನೆಲ್ ಬೇಡ. ಹುಡುಗ-ಹುಡುಗಿ ಇಬ್ಬರಿಗೂ ಸಮನಾಗಿ ಇರಲಿ. ರಿಪೋರ್ಟ್ ಮುಚ್ಚಿದ ಲಕೋಟೆಯಲ್ಲಿ ಅವರವರ ಕೈಗೆ ಹೋಗಲಿ. ಸಂಘದಲ್ಲಿ ಪ್ರತಿ ಇರಬಾರದು. ಸಂಶೋಧನೆಯ ಸಾಲನ್ನು ಫಾರಂನಿಂದ ತೆಗೆಯಬೇಕು. ಬೇಕಿದ್ದರೆ ಅದಕ್ಕೆ ಬೇರೆ ಫಾರಂ, ಕನ್ನಡದಲ್ಲಿ, ತೆಲುಗಿನಲ್ಲಿ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕಿನ ಜೊತೆ. ಕಡ್ಡಾಯ ಅನ್ನುವ ಪದ ಪತ್ರದಲ್ಲಿ ಇರುವುದಿಲ್ಲ.

ಗೌರಿಬಿದನೂರಿನ ಅಪ್ಪ

ಸಭೆಗೆ ಬೇರೆಯವರನ್ನು ಬಿಡುತ್ತಾರಾ ಟೀಚರಮ್ಮ? ಬಿಟ್ಟರೆ ನಾನೂ ಬರುತ್ತೇನೆ. ಕಡ್ಡಾಯ ಮಾಡಿ ಅಂತಲೇ ಮಾತಾಡುತ್ತೇನೆ.

ಚಿಂತಾಮಣಿ ಟೀಚರ್

ಖಂಡಿತ ಬನ್ನಿ ಅಣ್ಣ. ನಾನೇ ಕೇಳಿ ತಿಳಿಸುತ್ತೇನೆ.

ಶ್ರೀನಿವಾಸಪುರ ಹೊಸ ಸದಸ್ಯೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನನ್ನ ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದೇವೆ. ಈಗ ಅವಳಿಗೆ 9 ವಾರ. ಇದನ್ನೆಲ್ಲ ಓದಿ ನಿದ್ದೆ ಬಂದಿಲ್ಲ. ಈಗ ಏನಾದರೂ ಮಾಡಬಹುದಾ?

ಕೋಲಾರ ಓಟಿ ಸಿಸ್ಟರ್

ಮೊದಲು ಧೈರ್ಯವಾಗಿರಿ. ರಕ್ತಸಂಬಂಧದ ಮದುವೆ ಆದ ಮಾತ್ರಕ್ಕೆ ಮಗುವಿಗೆ ಕಾಯಿಲೆ ಬರುತ್ತದೆ ಅಂತ ಅಲ್ಲ. ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ನಿಜ. ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಈ ವಾರವೇ ಗಂಡ-ಹೆಂಡತಿ ಇಬ್ಬರಿಗೂ ಎಚ್‌ಪಿಎಲ್‌ಸಿ ಮಾಡಿಸಿ. ಅವಳಿಗೆ ಮಾತ್ರ ಅಲ್ಲ, ಇಬ್ಬರಿಗೂ. ಮನೆಯಲ್ಲಿ ಹಿಂದೆ ಯಾವ ಮಗುವಾದರೂ ಕಾಯಿಲೆಯಿಂದ ಹೋಗಿದ್ದರೆ, ಕಿವಿ ಕೇಳಿಸದವರು ಇದ್ದರೆ, ಎಲ್ಲ ಬರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಅಲ್ಲಿ ಜೆನೆಟಿಕ್ ಸಲಹೆ ಕೊಡುತ್ತಾರೆ. ಇಬ್ಬರೂ ಕ್ಯಾರಿಯರ್ ಅಂತ ಬಂದರೆ 11ರಿಂದ 13 ವಾರದೊಳಗೆ ಮಾಸಿನಿಂದ ಸಣ್ಣ ಚೂರು ತೆಗೆದು ಮಗುವನ್ನು ಪರೀಕ್ಷಿಸಬಹುದು. ಅದಕ್ಕೇ ತಡ ಮಾಡಬೇಡಿ. ಆ ಪರೀಕ್ಷೆಗೆ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಬೇಕು, ಅದರ ಒಂದು ಪ್ರತಿ ಅವಳಿಗೆ ಕೊಡಬೇಕು, ಕಾನೂನೇ ಹಾಗಿದೆ. ಗಂಡೋ ಹೆಣ್ಣೋ ಅಂತ ಯಾರೂ ಹೇಳುವ ಹಾಗಿಲ್ಲ, ನೀವೂ ಕೇಳಬೇಡಿ.

ರಿಪೋರ್ಟ್ ಬಂದ ದಿನ ಡಾಕ್ಟರ ರೂಮಿಗೆ ಮೊದಲು ಅವರಿಬ್ಬರನ್ನೇ ಕಳಿಸಿ. ನೀವು, ಅಮ್ಮ, ಅತ್ತೆ ಎಲ್ಲರೂ ಹೊರಗೆ ಕೂತಿರಿ. ಕರೆದರೆ ಒಳಗೆ ಹೋಗಿ.